ನಮ್ಮ ಬಾಣಂತಿ ಕೋಣೆಗೆ ಬಂದ ರಾಣಿಯರು

“ಯಮ್ಮಾ, ಈ ಬಾಟ್ಲಿ ಆ ರಾಣಿಗೆ ಹಾಕಿದ್ರೆ ಬದುಕ್ತಿದ್ಲಾ?”

ಕೇಳಿದ್ದು ನಮ್ಮ ಅಜ್ಜಿ. ಕೇಳಿದ್ದು ಆಸ್ಪತ್ರೆಯ ನರ್ಸ್ ಒಬ್ಬರನ್ನು. ಈಗ್ಗೆ ಮೂರು ವಾರದ ಹಿಂದೆ, ಒಂದು ಬುಧವಾರ ಮಧ್ಯಾಹ್ನ, ಹೆಂಗಸರ ವಾರ್ಡಿನಲ್ಲಿ.

ನರ್ಸ್ ಡ್ರಿಪ್ ಸರಿಮಾಡುತ್ತಿದ್ದವರು ತಲೆಯೆತ್ತಿದರು. “ಯಾವ ರಾಣಿ ಅಜ್ಜಿ? ಯಾವ ಬೆಡ್ಡು?”

“ಇಲ್ಲೆಲ್ಲಿ ಬತ್ತಾಳೆ ಬುಡಮ್ಮ. ಲಂಡನ್ನಿನೋಳು.”

ವಾರ್ಡಿಗೆ ವಾರ್ಡೇ ನಕ್ಕಿತು. ನನಗೆ ನಗು ಬರಲಿಲ್ಲ. ಆ ಬಾಟಲಿಯ ಕೆಳಗೆ ಮಲಗಿದ್ದವಳು ನನ್ನ ಅಕ್ಕ ರೇಖಾ. ಕಣ್ಣು ಮುಚ್ಚಿತ್ತು, ತುಟಿ ಒಣಗಿತ್ತು. ಅವಳ ಒಂದು ವಾರದ ಹೆಣ್ಣುಕೂಸು ನನ್ನ ತೊಡೆಯ ಮೇಲಿತ್ತು. ‘ನನ್ನ ಮೊಮ್ಮಗಳು ಬದುಕ್ತಾಳಾ?’ ಎಂದು ಕೇಳುವ ಧೈರ್ಯ ಅಜ್ಜಿಗೆ ಇರಲಿಲ್ಲ. ಅದಕ್ಕೇ ರಾಣಿಯನ್ನು ಮುಂದೆ ಮಾಡಿದ್ದಳು.

ಸರಿ, ಲಂಡನ್ನಿನ ರಾಣಿ ಮಧುಗಿರಿಗೆ ಬಂದದ್ದು ಹೇಗೆ? ಅದನ್ನು ಮೊದಲಿನಿಂದ ಹೇಳಬೇಕು.

ನನ್ನ ಲೆಕ್ಕದ ಹುಚ್ಚು ಈ ಅಂಕಣ ಓದುವವರಿಗೆಲ್ಲ ಗೊತ್ತು. ಏನಾದರೂ ನಡೆದರೆ ಡೈರಿಯಲ್ಲಿ ತಾರೀಖು ಹಾಕಿ ಬರೆಯಬೇಕು, ಪಕ್ಕದಲ್ಲಿ ಒಂದು ಗೀಟು ಎಳೆದು ಲೆಕ್ಕ ಇಡಬೇಕು. ಶಿರಾದ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿಯಾಗಿ ಸೇರಿದ ಮೇಲೆ ಮಧುಗಿರಿಯಿಂದ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕ ದಿನ, ಸಿಗದ ದಿನ, ಎರಡಕ್ಕೂ ಬೇರೆ ಬೇರೆ ಪಟ್ಟಿ ಇದೆ. (ಸಿಗದ ದಿನವೇ ಹೆಚ್ಚು. ಕೇಳಬೇಡಿ.)

ಅಕ್ಕನ ಹೆರಿಗೆ ಆಸ್ಪತ್ರೆಯಲ್ಲಿ ಸಲೀಸಾಗಿ ಆಯಿತು. ಬುಧವಾರ ಕೂಸು ಹುಟ್ಟಿತು, ಶನಿವಾರ ಮನೆಗೆ ಕರೆತಂದೆವು. ಅಮ್ಮ ಕೊರಟಗೆರೆ ಕಡೆಯ ಸ್ಕೂಲಿನಲ್ಲಿ ಮೇಡಂ, ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ಭಾವ ಗಡಿಯ ತೆಲುಗು ಸೀಮೆಯ ರಾಯಚರ್ಲಿನವರು, ಅಲ್ಲೇ ಸೋಲಾರ್ ಪಾರ್ಕಿನಲ್ಲಿ ಟೆಕ್ನಿಷಿಯನ್. ಹನ್ನೊಂದನೇ ದಿನ ಪುರುಡು, ಅಂದರೆ ಹೆರಿಗೆಯ ಮೈಲಿಗೆ, ಕಳೆಯುವ ತನಕ ಅವರು ಬರುವ ಹಾಗಿಲ್ಲ. ಹೀಗಾಗಿ ಬಾಣಂತಿ ಕೋಣೆಯ ಪೂರ್ಣಾಧಿಕಾರ ಅಜ್ಜಿಗೆ. ನಾನು ರಜೆ ಹಾಕಿ ಅವಳ ಕೈಕೆಳಗಿನ ಅಧಿಕಾರಿಯಾದೆ.

ಅಜ್ಜಿಯ ಬಾಣಂತನ ಅಂದರೆ ನಮ್ಮ ಬೀದಿಯಲ್ಲಿ ಹೆಸರುವಾಸಿ. ಯಾರ ಮನೆಯಲ್ಲಿ ಹೆರಿಗೆಯಾದರೂ ಒಮ್ಮೆ ಅಜ್ಜಿಯನ್ನು ಕೇಳಿಕೊಂಡು ಹೋಗುತ್ತಾರೆ. ಅವಳ ಕಾನೂನು ಬಿಗಿ. ಕಿಟಕಿ ಮುಚ್ಚಬೇಕು, ಮುಚ್ಚಿದ ಕಿಟಕಿಗೆ ಹಳೇ ಸೀರೆ ಕಟ್ಟಬೇಕು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಹೊಟ್ಟೆಗೆ ಬಿಗಿಯಾಗಿ ಬಟ್ಟೆ. ನೀರು ಕೇಳಿದರೆ ಅರ್ಧ ಲೋಟ, ಅದೂ ಕುದಿಸಿ ಆರಿಸಿದ್ದು. ಊಟಕ್ಕೆ ಮೆಣಸಿನ ಸಾರು, ಬೆಳ್ಳುಳ್ಳಿ. ಎಲ್ಲಕ್ಕಿಂತ ಮುಖ್ಯವಾದದ್ದು ಮಂಚದ ಕೆಳಗಿನ ಕೆಂಡ. ಮಣ್ಣು ಹೊರುವ ಕಬ್ಬಿಣದ ಬಾಂಡ್ಲಿ ಇರುತ್ತದಲ್ಲ, ಅದರ ತುಂಬ ಇದ್ದಿಲ ಕೆಂಡ ಮಾಡಿ, ಮೇಲೊಂದಿಷ್ಟು ಬೂದಿ ಮುಚ್ಚಿ, ಮಂಚದಡಿಗೆ ತಳ್ಳುತ್ತಾಳೆ. ಬಾಣಂತಿಯ ಮೈ ಕಾದೇ ಇರಬೇಕು. ಆರಿತೋ, ಶೀತ ಹೊಕ್ಕಿತು ಅಂತಲೇ ಲೆಕ್ಕ.

ಇನ್ನೊಂದು ಕಾನೂನೂ ಇತ್ತು. ಮೊಬೈಲು ನಿಷಿದ್ಧ. ಓದುವುದೂ ನಿಷಿದ್ಧ. “ಹಸಿ ಬಾಣಂತಿ ಕಣ್ಣು, ಎಳೇ ಸೌತೇಕಾಯಿ ಇದ್ದಂಗೆ” ಎಂದಳು ಅಜ್ಜಿ. (ಹೋಲಿಕೆ ನನಗೂ ಅರ್ಥವಾಗಲಿಲ್ಲ.)

“ಮತ್ತೆ ದಿನಾ ಇಡೀ ಏನ್ ಮಾಡ್ಲಿ ಅಜ್ಜಿ? ತೊಲೆ ಎಣಿಸ್ಲಾ?” ಅಕ್ಕ ಕೇಳಿದಳು.

“ಇವ್ಳವ್ಳಲ್ಲ, ಕಾಲೇಜಲ್ಲಿ ಪಾಠ ಯೋಳೋಳು. ಯಾವುದಾರ ಕತೆ ಯೋಳ್ಲಿ.”

ಆ ತಿಂಗಳು ನಾನು ಇಂಗ್ಲೆಂಡಿನ ಇತಿಹಾಸ ಪಾಠ ಮಾಡುತ್ತಿದ್ದೆ. ತಲೆಯ ತುಂಬ ರಾಜರು, ಕದನಗಳು, ಕಾಯಿದೆಗಳು. ಬಾಣಂತಿಗೆ ಕದನದ ಕತೆ ಹೇಳುವುದೇ? ರಾಣಿಯರ ಕತೆ ಹೇಳೋಣ ಎಂದುಕೊಂಡೆ. ದಿನಕ್ಕೊಬ್ಬಳು. ಡೈರಿಯಲ್ಲಿ ಹೊಸ ಹಾಳೆ ತೆರೆದು ಗೀಟು ಎಳೆದೆ: ರಾಣಿಯ ಹೆಸರು, ಹೆತ್ತದ್ದು, ಉಳಿದದ್ದು.

ಭಾನುವಾರ ವಿಕ್ಟೋರಿಯಾ.

ಅರ್ಧ ಜಗತ್ತನ್ನು ಆಳಿದವಳು ಎಂದು ನಾವು ಓದಿರುವ ವಿಕ್ಟೋರಿಯಾ, ಹುಡುಗಿಯಾಗಿದ್ದಾಗ ಯಾರದಾದರೂ ಕೈ ಹಿಡಿಯದೆ ಮೆಟ್ಟಿಲು ಇಳಿಯುವ ಹಾಗಿರಲಿಲ್ಲವಂತೆ. ಮಲಗುವುದು ತಾಯಿಯ ಕೋಣೆಯಲ್ಲೇ. ಒಂದು ಗಳಿಗೆ ಒಬ್ಬಳನ್ನೇ ಬಿಡುತ್ತಿರಲಿಲ್ಲ. ಹದಿನೆಂಟಕ್ಕೆ ಸಿಂಹಾಸನ ಬಂತು. ರಾಣಿಯಾದ ದಿನ ಅವಳು ಕೇಳಿದ್ದೇನು ಗೊತ್ತೆ? ಒಂದು ಗಂಟೆ ಒಬ್ಬಳೇ ಇರಬೇಕು. ಆಮೇಲೆ, ನನ್ನ ಮಂಚವನ್ನು ಅಮ್ಮನ ಕೋಣೆಯಿಂದ ಆಚೆ ಹಾಕಿಸಿ.

ಅಕ್ಕ ಎದ್ದೇ ಕುಳಿತಳು. “ಒಂದು ಗಂಟೆ ಒಬ್ಳೇನಾ? ಅಜ್ಜೀ, ನಂಗೂ ಅದೇ ಬೇಕು.”

“ನೀನೂ ಮೊದ್ಲು ರಾಣಿ ಆಗು, ಆಮ್ಯಾಕೆ ಕೊಡ್ತೀನಿ. ಮನೀಕೋ.”

ಸೋಮವಾರ ಆನ್ ರಾಣಿ. ಹೆಸರು ಕೇಳಿದವರು ಕಡಿಮೆ. ನಾನೂ ಪಾಠದಲ್ಲಿ ಅವಳನ್ನು ಎರಡು ಸಾಲಿನಲ್ಲಿ ದಾಟಿಬಿಡುತ್ತಿದ್ದೆ. ಈ ಸಲ ಕೂತು ಓದಿದೆ. ಹದಿನೇಳು ಸಲ ಬಸಿರಾದಳು. ಜೀವಂತ ಹುಟ್ಟಿದ್ದು ಐದು. ಎರಡು ಹೆಣ್ಣುಮಕ್ಕಳನ್ನು ಸಿಡುಬು ಒಟ್ಟೊಟ್ಟಿಗೆ ಒಯ್ದಿತು. ಒಬ್ಬ ಮಗ ಮಾತ್ರ ಬೆಳೆದ. ಅವನಿಗೆ ಹನ್ನೊಂದು ತುಂಬಿತು, ಹುಟ್ಟುಹಬ್ಬ ಕಳೆದು ವಾರದೊಳಗೆ ಅವನೂ ಹೋದ.

ಇದಾಗಿ ಎರಡು ವರ್ಷಕ್ಕೆ ಅವಳ ಪಟ್ಟಾಭಿಷೇಕ. ಕಾಲು ಬಾತು ನಡೆಯಲಾಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಹಾಗೆ ಬಂದವಳು ಹನ್ನೆರಡು ವರ್ಷ ರಾಜ್ಯ ಆಳಿದಳು. ಹದಿನೇಳು ನಿರೀಕ್ಷೆಗಳನ್ನು ಮಣ್ಣಿಗಿಟ್ಟು ಬಂದ ಹೆಂಗಸು ತಲೆಯ ಮೇಲೆ ಕಿರೀಟ ಹೊತ್ತು ನೆಟ್ಟಗೆ ಕೂತಿದ್ದಾದರೂ ಹೇಗೆ? ನನ್ನ ಹಾಳೆಯಲ್ಲಿ ‘ಹೆತ್ತದ್ದು’ ಎಂಬ ಕಡೆ ಏನು ಬರೆಯಬೇಕು ಎಂದೇ ತೋಚಲಿಲ್ಲ.

ಅಜ್ಜಿ ಸಾಂಬ್ರಾಣಿ ಹಾಕುತ್ತಿದ್ದ ಕೈಯನ್ನು ಹಾಗೇ ಹಿಡಿದಿದ್ದಳು. “ಹದಿನೇಳಾ?” ಎಂದಳು. ಸಾಂಬ್ರಾಣಿಯನ್ನು ಕೆಂಡಕ್ಕೆ ಉದುರಿಸಿ, “ಅವ್ಳಿಗೆ ಬಾಣಂತನ ಯಾರೇ ಮಾಡ್ತಿದ್ದೋರು?”

ಗೊತ್ತಿಲ್ಲ ಅಂದೆ. ನಿಜವಾಗಿ ಗೊತ್ತಿಲ್ಲ. ಅವಳ ಕಾಲದ ಯುದ್ಧ ಗೆದ್ದ ಸೇನಾಪತಿಯ ಹೆಸರು ನನಗೆ ಬಾಯಿಪಾಠ. ಹದಿನೇಳು ಸಲ ಅವಳಿಗೆ ನೀರು ಕಾಯಿಸಿದವಳ ಹೆಸರು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಮಂಗಳವಾರ ಮಾರ್ಗರೆಟ್. ಇವಳು ರಾಣಿಯಲ್ಲ, ರಾಜನ ತಾಯಿ. ಐನೂರು ವರ್ಷಕ್ಕೂ ಹಿಂದಿನವಳು. ಮಗ ರಾಜನಾದ ಮೇಲೆ, ಸೊಸೆಯ ಹೆರಿಗೆ ಹೇಗಾಗಬೇಕು ಎಂದು ಕಟ್ಟುಪಾಡು ಮಾಡಿದವಳು ಇವಳೇ ಎನ್ನುತ್ತಾರೆ. ರಾಣಿ ದಿನ ತುಂಬುವ ಮೊದಲೇ ಕೋಣೆ ಸೇರಬೇಕು. ಗೋಡೆ, ಚಾವಣಿ, ಕಿಟಕಿ ಎಲ್ಲಕ್ಕೂ ದಪ್ಪ ಪರದೆ. ನೆಲಕ್ಕೆ ಜಮಖಾನ. ಒಳಗೆ ಗಂಡಸರು ಕಾಲಿಡುವಂತಿಲ್ಲ. ಬಡಿಸುವವರು, ಬಾಗಿಲು ಕಾಯುವವರು ಎಲ್ಲ ಹೆಂಗಸರೇ.

ಅಜ್ಜಿಗೆ ಆದ ಖುಷಿ ನೋಡಬೇಕಿತ್ತು! “ನೋಡ್ದೇನೇ? ಅರಮನೇಲೂ ಇಂಗೇ ಕಣೇ! ಅಜ್ಜಿ ಅಂದ್ರೆ ಅಂಗಿರ್ಬೇಕು. ನೀವು ನನ್ನ ಆಡ್ಕೊಂತೀರಿ.”

“ಪೂರ್ತಿ ಕೇಳಜ್ಜಿ” ಅಂದೆ. “ಒಂದೇ ಒಂದು ಕಿಟಕಿ ಮಾತ್ರ ಪೂರ್ತಿ ಮುಚ್ಬಾರ್ದು ಅಂತಿದೆ. ರಾಣಿಗೆ ಬೇಕು ಅನ್ನಿಸಿದಾಗ ಬೆಳಕು ಬರೋ ಹಂಗಿರ್ಬೇಕಂತೆ.”

ಅಕ್ಕ ಮಲಗಿದ್ದಲ್ಲಿಂದಲೇ ಕೈ ಎತ್ತಿದಳು. ದನಿ ಸಣ್ಣಗಾಗಿತ್ತು. “ಹಂಗಾದ್ರೆ ನಮ್ಮನೇಲೂ ಒಂದು ಕಿಟಕಿ ಅಜ್ಜಿ. ಕಾನೂನು ಕಾನೂನೇ.”

“ಅವ್ಳು ಬುಟ್ರೆ ಬುಡ್ಲಿ. ನಾ ಬುಡಾಕಿಲ್ಲ.”

ಆಮೇಲೆ ಹೇಳಬಾರದಿತ್ತೇನೋ, ಆದರೆ ಹೇಳಿದೆ. ಈ ಮಾರ್ಗರೆಟ್ ತನ್ನ ಮಗನನ್ನು ಹೆತ್ತಾಗ ಅವಳಿಗೆ ಹದಿಮೂರು ವರ್ಷ. ಗಂಡ ಅಷ್ಟರಲ್ಲೇ ಸತ್ತಿದ್ದ. ಚಳಿಗಾಲ, ಯಾರದೋ ಕೋಟೆ. ಆ ಹೆರಿಗೆಯ ಮೇಲೆ ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ಆ ಹುಡುಗಿಯೇ ಮುಂದೆ ಅತ್ತೆಯಾಗಿ, ಸೊಸೆಗೆ ಇಷ್ಟು ಬಿಗಿಯಾದ ಕೋಣೆ ಕಟ್ಟಿದ್ದು.

ಅಜ್ಜಿ ಕೂಸನ್ನು ತೊಡೆಗೆ ಎಳೆದುಕೊಂಡಳು. ಕೂಸಿನ ಕಾಲು ನೀವುತ್ತಾ ಕೂತಿದ್ದಳು. “ನಮ್ಮಕ್ಕಂಗೆ ಹದಿನಾರು” ಅಂದಳು. ಅಷ್ಟೇ. ಎದ್ದು ಹೋಗಿ ಬಾಂಡ್ಲಿಗೆ ಕೆಂಡ ತುಂಬಿ ತಂದಳು.

ಅವತ್ತು ಸಂಜೆಯಿಂದ ಅಕ್ಕನಿಗೆ ನಡುಕ ಶುರುವಾಗಿತ್ತು. “ಚಳಿ ಅಜ್ಜಿ” ಅಂದಳು. ಬಾಣಂತಿಗೆ ಚಳಿ ಅಂದರೆ ಅಜ್ಜಿಯ ಕಾನೂನಿನಲ್ಲಿ ಒಂದೇ ಅರ್ಥ. ಇನ್ನೊಂದು ರಗ್ಗು ಬಂತು. ಬಾಗಿಲ ಸಂದಿಗೆ ಚಿಂದಿ ತುರುಕಿದಳು. ಕೆಂಡ ಎರಡರಷ್ಟಾಯಿತು. ಹಣೆ ಮುಟ್ಟಿ ನೋಡಿದೆ. ಬಿಸಿ ಇತ್ತು. ಆದರೆ ಆ ಕೋಣೆಯಲ್ಲಿ ಯಾವುದು ಬಿಸಿ ಇರಲಿಲ್ಲ? ನನ್ನ ಹಣೆ ಬಿಸಿ, ಅಜ್ಜಿಯ ಕೈ ಬಿಸಿ, ಮಂಚದ ಕಾಲು ಬಿಸಿ, ಗೋಡೆ ಬಿಸಿ. ಒಲೆಯ ಮೇಲಿಟ್ಟ ಪಾತ್ರೆಗೆ ಜ್ವರ ಬಂದಿದೆಯೇ ಎಂದು ಯಾರು ಹೇಳುತ್ತಾರೆ? ಮನೆಯ ಥರ್ಮಾಮೀಟರು ಕೋವಿಡ್ ಕಾಲದಲ್ಲಿ ಕೊಂಡದ್ದು, ಅದರ ಸೆಲ್ಲು ಯಾವಾಗಲೋ ಸತ್ತಿತ್ತು. ಕೆಳಹೊಟ್ಟೆ ನೋವು ಎಂದೂ ಅಕ್ಕ ಅಂದಳು. ಹೆತ್ತ ಹೊಟ್ಟೆ ನೋಯದೆ ಇರುತ್ತದೆಯೇ ಎಂದು ನಾವಿಬ್ಬರೂ ಅಂದುಕೊಂಡೆವು.

ಬುಧವಾರ ಬೆಳಿಗ್ಗೆ ಅಮ್ಮ ಸ್ಕೂಲಿಗೆ ಹೋದ ಮೇಲೆ, ಹತ್ತು ಗಂಟೆಯ ಹೊತ್ತಿಗೆ, ಅಕ್ಕನೇ ಕೇಳಿದಳು. “ಇವತ್ತು ಯಾರೇ?”

ಇವತ್ತು ಜೇನ್ ಅಂದೆ.

ಜೇನ್ ಸೀಮೋರ್. ಆ ಮಾರ್ಗರೆಟ್ಟಳ ಮೊಮ್ಮಗ, ಆರು ಮದುವೆಯಾದ ರಾಜ, ಅವನ ಮೂರನೇ ಹೆಂಡತಿ. ಆ ರಾಜನಿಗೆ ಗಂಡುಮಗು ಬೇಕಾಗಿತ್ತು. ಅದಕ್ಕಾಗಿ ಏನೆಲ್ಲ ಮಾಡಿದ ಎನ್ನುವುದೇ ಒಂದು ಸೆಮಿಸ್ಟರಿನ ಪಾಠ. ಇಪ್ಪತ್ತೆಂಟು ವರ್ಷ ಕಾದ ಮೇಲೆ ಜೇನ್ ಗಂಡು ಹೆತ್ತಳು. ಎರಡು ಹಗಲು ಮೂರು ರಾತ್ರಿ ನೋವು ತಿಂದಳು. ಲಂಡನ್ನಿನ ಗಂಟೆಗಳೆಲ್ಲ ಮೊಳಗಿದವು, ಕೋಟೆಯ ಮೇಲಿಂದ ತೋಪು ಹಾರಿಸಿದರು, ಬೀದಿಯಲ್ಲಿ ಜನ ಕುಣಿದರು. ಮೂರನೇ ದಿನ ಕೂಸಿಗೆ ನಾಮಕರಣ. ಹಸಿ ಬಾಣಂತಿ ಜೇನಳಿಗೆ ಮಖಮಲ್ಲು ಹೊದಿಸಿ, ತುಪ್ಪಳದ ಬಟ್ಟೆ ಸುತ್ತಿ, ಬಂದವರೆಲ್ಲ ನೋಡಲಿ ಎಂದು ಕೂರಿಸಿದರು.

“ಆಮೇಲೆ?” ಅಜ್ಜಿ ಕೇಳಿದಳು.

“ಆಮೇಲೆ ಜ್ವರ ಬಂತು. ಹನ್ನೆರಡು ದಿನಕ್ಕೆ ಹೋಗ್ಬಿಟ್ಲು.”

ಅಕ್ಕ ರಗ್ಗನ್ನು ಗಲ್ಲದ ತನಕ ಎಳೆದುಕೊಂಡಳು. ಬೇರೆ ದಿನವಾಗಿದ್ದರೆ ಏನಾದರೊಂದು ಅಂದೇ ಅನ್ನುತ್ತಿದ್ದಳು.

“ಯಾಕೆ ಬಂತಂತೆ ಜ್ವರ?”

“ಅರಮನೆಯವ್ರು ಸುತ್ತ ಇದ್ದೋರನ್ನ ಬೈದ್ರಂತೆ ಅಜ್ಜಿ. ಅವಳಿಗೆ ಶೀತ ಆಗೋಕೆ ಬಿಟ್ರಿ, ಪಥ್ಯ ಮಾಡಿಸ್ಲಿಲ್ಲ, ಕೇಳಿದ್ದೆಲ್ಲ ತಿನ್ನೋಕೆ ಕೊಟ್ರಿ ಅಂತ.”

ಐನೂರು ವರ್ಷದ ಹಿಂದೆ, ಏಳು ಸಮುದ್ರದಾಚೆ, ಬಂಗಾರದ ತಟ್ಟೆಯಲ್ಲಿ ಉಣ್ಣುವ ಅರಮನೆಯಲ್ಲಿ, ಅವರು ಆಡಿದ ಮಾತು ನಮ್ಮ ಬೀದಿಯ ಮಾತೇ. ಶೀತ. ಪಥ್ಯ. ಒಂದಕ್ಷರ ಆಚೀಚೆ ಇಲ್ಲ.

ಅಜ್ಜಿ ಬಾಂಡ್ಲಿಗೆ ಇದ್ದಿಲು ಹಾಕಲು ಬಗ್ಗಿದ್ದವಳು ಹಾಗೇ ನೆಲದ ಮೇಲೆ ಕೂತಳು.

“ತುಪ್ಪಳದ ಬಟ್ಟೆ ಸುತ್ತಿದ್ರು ಅಂದೆಲ್ಲೇ.”

“ಹೂಂ.”

“ಕಿಟಕೀಗೆ ಪರದೆ ಬೇರೆ.”

“ಹೂಂ ಅಜ್ಜಿ.”

“ಮತ್ತೆ ಶೀತ ಎಲ್ಲಿಂದ ಬಂತೇ?”

ನನ್ನ ಬಳಿ ಉತ್ತರ ಇತ್ತು. ಪುಸ್ತಕದ ಉತ್ತರ. ಆದರೆ ಅಜ್ಜಿ ನನ್ನನ್ನು ಕೇಳುತ್ತಿರಲಿಲ್ಲ. ಅವಳ ಕಣ್ಣು ಎಲ್ಲೋ ಇತ್ತು.

“ನಮ್ಮಕ್ಕಂಗೂ ಇಂಗೇ ಅಂದ್ರು. ಒಂದಿನ ತಲೆಗೆ ಬಟ್ಟೆ ಕಟ್ಕಳ್ದೆ ಬಚ್ಚಲಿಗೆ ಹೋಗಿದ್ಲು, ಅದ್ಕೇ ಶೀತ ಹೊಡೀತು ಅಂದ್ರು. ಜೊತೇಲಿದ್ದೋಳು ನಾನು. ಬಟ್ಟೆ ಕಟ್ಟು ಅಂತ ನೀನಾರ ಯೋಳ್ಬಾರ್ದಿತ್ತೇನೇ ಅಂತ ನಮ್ಮವ್ವ ಸಾಯೋಗಂಟ ಅಂದ್ಲು. ಅವಳ ಮಂಚದಡೀಗೂ ಕೆಂಡ ಇತ್ತು ಕಣೇ. ಇದೇ ತರ. ಬೆಂಕಿ ಮ್ಯಾಲೆ ಮಲಗಿದ್ಲು. ಶೀತ ಎಲ್ಲಿಂದ ಬಂತು?”

ಅಜ್ಜಿಗೆ ಒಬ್ಬಳು ಅಕ್ಕ ಇದ್ದಳು ಎನ್ನುವುದೇ ನನಗೆ ಹಿಂದಿನ ದಿನ ಗೊತ್ತಾದದ್ದು. ಅವಳು ಹೇಗೆ ಹೋದಳು ಎನ್ನುವುದು ಈಗ ಗೊತ್ತಾಯಿತು. ಬೀದಿಯೆಲ್ಲ ಮೆಚ್ಚುವ ಆ ಬಿಗಿ ಕಾನೂನು ಎಲ್ಲಿ ಹುಟ್ಟಿದ್ದೆಂದೂ ಗೊತ್ತಾಯಿತು. ಅರವತ್ತಕ್ಕೂ ಹೆಚ್ಚು ವರ್ಷ, ಎಷ್ಟೋ ಮನೆಗಳ ಕಿಟಕಿಗಳನ್ನು ಅವಳು ಒಂದೇ ಹುಡುಗಿಯ ಹೆಸರಿನಲ್ಲಿ ಮುಚ್ಚುತ್ತಾ ಬಂದಿದ್ದಳು.

ಅಜ್ಜಿ ಮಂಚದ ಕಡೆ ತಿರುಗಿದಳು. ಮೂರು ರಗ್ಗು, ಸ್ಕಾರ್ಫು, ಕಾಲುಚೀಲ. ಕೆಳಗೆ ನಿಗಿನಿಗಿ ಕೆಂಡ. ಮೇಲೆ ಅಕ್ಕ ಗಡಗಡ ನಡುಗುತ್ತಿದ್ದಳು.

“ಲೇ, ಬಾಂಡ್ಲಿ ಈಚೆಗೆ ಎಳೀ.”

ಒಂದು ಕ್ಷಣ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ನಿಂತೆ.

“ಎಳೀ ಅಂದೆ. ಅಂಗಳಕ್ಕೆ ಹಾಕು. ರಗ್ಗು ತಗಿ. ಆ ಸೀರೆ ಕಿತ್ತಾಕು.”

ಹಳೇ ಸೀರೆ ಎಳೆದೆ. ಕಿಟಕಿ ಬಿಗಿದುಕೊಂಡಿತ್ತು, ಗುದ್ದಿ ತೆರೆದೆ. ಎದುರಿಗೆ ಮಧುಗಿರಿ ಬೆಟ್ಟ ಬಿಸಿಲಿನಲ್ಲಿ ಬೆಳ್ಳಗೆ ನಿಂತಿತ್ತು. ಗಾಳಿ ನುಗ್ಗಿತು. ಅಕ್ಕ ಕಣ್ಣು ಕಿರಿದು ಮಾಡಿ ಬೆಳಕು ನೋಡಿದಳು.

ಅಜ್ಜಿ ಬಚ್ಚಲಿಗೆ ಹೋಗಿ ತಣ್ಣೀರಿನಲ್ಲಿ ಕೈ ತೊಳೆದು, ಒರೆಸಿಕೊಂಡು ಬಂದಳು. ಗೋಡೆ ಆರಲಿ ಎಂದು ಕಾದಳು. ಮಂಚದ ಕಬ್ಬಿಣ ಮುಟ್ಟಿದಳು. ತಣ್ಣಗಾಗಿತ್ತು. ನನ್ನ ಹಣೆ ಮುಟ್ಟಿದಳು. ಆಮೇಲೆ ಅಕ್ಕನ ಹಣೆಯ ಮೇಲೆ ಅಂಗೈ ಇಟ್ಟಳು.

ಇಟ್ಟ ಕೈಯನ್ನು ಸರಕ್ಕನೆ ತೆಗೆದಳು.

“ಆಟೋ ಕರಿ.”

“ಅಜ್ಜಿ, ಪುರುಡು...” ಹೊಸ್ತಿಲು ದಾಟಬಾರದು ಎಂದು ನಾಲ್ಕು ದಿನದಿಂದ ಕೂಗಿಕೊಂಡಿದ್ದವಳು ಅವಳೇ. ಹನ್ನೊಂದನೇ ದಿನಕ್ಕೆ ಇನ್ನೂ ಮೂರು ದಿನ ಇತ್ತು.

“ಪುರುಡು ನಾನ್ ನೋಡ್ಕೊತೀನಿ. ನೀನು ಆಟೋ ಕರಿ!”

ನಮ್ಮ ಬೀದಿಯ ಕೊನೆಯಲ್ಲಿ ಚಾಂದ್ ಭಾಯ್ ಆಟೋ ಇರುತ್ತದೆ. ಶಿರಾದವರು, ಮಾತು ಜಾಸ್ತಿ. ಅಕ್ಕನ ಮುಖ ನೋಡಿದವರು, “ಯಾ ಅಲ್ಲಾ, ಬೈಠೋ ಬೈಠೋ, ಅಜ್ಜಿ ನೀವು ಕೂಸು ಹಿಡ್ಕೊಳ್ಳಿ” ಎಂದಷ್ಟೇ ಹೇಳಿ, ಆಸ್ಪತ್ರೆ ತನಕ ಮತ್ತೆ ಬಾಯಿ ಬಿಡಲಿಲ್ಲ. ಅವರು ಸುಮ್ಮನಿದ್ದದ್ದೇ ನನಗೆ ಹೆಚ್ಚು ಹೆದರಿಕೆ ತಂದಿತು.

ದಾರಿಯಲ್ಲಿ ಭಾವನಿಗೆ ಫೋನು ಮಾಡಿ ವಿಷಯ ಹೇಳಿದೆ. ಅವರಿಗಿಂತ ಮೊದಲು ಅವರಮ್ಮನ ದನಿ ಕೇಳಿಸಿತು, ಪುರುಡು ಕಳೀದೆ ಆಚೆ ಯಾಕೆ ಕರ್ಕೊಂಡು ಬಂದ್ರು ಅಂತ. ಅಜ್ಜಿ ಫೋನು ಕಿತ್ತುಕೊಂಡಳು. “ನಾನೇ ಕರ್ಕೊಂಬಂದೆ ಕಣಮ್ಮ. ಏನಾರ ದೋಸ ಬಂದ್ರೆ ನನ್ನ ತಲೆ ಮ್ಯಾಕೆ ಬರ್ಲಿ.” ಆಚೆಯಿಂದ ಭಾವ ಅಮ್ಮನ ಕೈಯಿಂದ ಫೋನು ತಗೊಂಡಿರಬೇಕು. “ಅವ್ವಾ, ಅಮ್ಮ ಮಾತು ವದಿಲೇಯಂಡಿ, ಬಿಟ್ಬಿಡಿ. ಫಸ್ಟು ಅಡ್ಮಿಟ್ ಮಾಡಿ. ನಾನು ಹೊರಟೆ.” ಹೆದರಿದರೆ ಭಾವನಿಗೆ ತೆಲುಗು ಮುಂದೆ ಬರುತ್ತದೆ.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು, ಜ್ವರ ನೋಡಿದರು, ಮುಖ ಬಿಗಿ ಮಾಡಿಕೊಂಡರು. ಗರ್ಭಕೋಶಕ್ಕೆ ನಂಜಾಗಿದೆ ಅಂದರು. ಎಂಥ ಹೆರಿಗೆಯ ಮೇಲೂ ಕೆಲವರಿಗೆ ಆಗಬಹುದು, ಬೇಗ ಬಂದರೆ ವಾಸಿಯಾಗುತ್ತದೆ, ತಡವಾದರೆ ನಂಜು ರಕ್ತಕ್ಕೆ ಹೋಗುತ್ತದೆ. ಆಮೇಲೆ ಹೇಳುವುದು ಕಷ್ಟ.

“ಈಗ ತಡ ಆಗಿದೆಯಾ ಡಾಕ್ಟರ್?”

“ಇವತ್ತು ರಾತ್ರಿ ಕಳೀಲಿ, ನೋಡೋಣ” ಅಂದರು. ಮಂಚದ ಕೆಳಗಿನ ಕೆಂಡದ ವಿಷಯ ಕೇಳಿ ಅವರಿಗೆ ಸಿಟ್ಟು ಬಂತು. “ಮುಚ್ಚಿದ ಕೋಣೇಲಿ ಇದ್ದಿಲು! ಆ ಹೊಗೇನೇ ಸಾಕು, ಕೂಸು ಬಾಣಂತಿ ಇಬ್ರನ್ನೂ ಮಲಗ್ಸೋಕೆ. ಯಾರದು ಈ ಐಡಿಯಾ?”

ಅಜ್ಜಿ, “ನಂದೇ ಕಣಮ್ಮ” ಅಂದಳು. ತಲೆ ತಗ್ಗಿಸಲಿಲ್ಲ. “ಇವತ್ತಿಗೆ ಮುಗೀತು.”

ಬಾಟಲಿ ಏರಿತು. ಆ ಮೇಲೆಯೇ ಅಜ್ಜಿ ನರ್ಸನ್ನು ಆ ಪ್ರಶ್ನೆ ಕೇಳಿದ್ದು. ವಾರ್ಡಿನ ನಗು ನಿಂತ ಮೇಲೆ ನರ್ಸ್ ನನ್ನ ಕಡೆ ನೋಡಿದರು. ನಾನು ಎರಡು ಮಾತಿನಲ್ಲಿ ಜೇನಳ ಕತೆ ಹೇಳಿದೆ. ಅವರು ನಗಲಿಲ್ಲ. ಕೊಳವೆಯಲ್ಲಿ ಬೀಳುವ ಹನಿ ನೋಡುತ್ತಾ, “ಇದೇ ತರದ ನಂಜಾಗಿದ್ರೆ ಬದುಕ್ತಿದ್ರು ಅಜ್ಜಿ. ಟೈಮಿಗೆ ಸರಿಯಾಗಿ ಬಂದಿದ್ರೆ” ಅಂದರು. ಮತ್ತೆ ಅಕ್ಕನ ರಗ್ಗು ಸರಿಪಡಿಸಿ ಹೇಳಿದರು: “ಇವರು ಬಂದಿದ್ದಾರಲ್ಲ.”

ಅಜ್ಜಿ ಕಣ್ಣೊರೆಸಿಕೊಂಡಳು. ಅವಳು ಕೇಳದೆ ಬಿಟ್ಟ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಆ ಸಂಜೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನಾನು ರಾಣಿಯರ ಹಾಳೆ ತೆಗೆದೆ. ‘ಹೆತ್ತದ್ದು, ಉಳಿದದ್ದು’ ಎಂದು ಎರಡು ಕಡೆ ಬರೆದಿದ್ದೆನಲ್ಲ, ಎರಡೂ ಕೂಸುಗಳ ಲೆಕ್ಕ. ತಾಯಿಯ ಲೆಕ್ಕಕ್ಕೆ ನಾನು ಜಾಗವೇ ಬಿಟ್ಟಿರಲಿಲ್ಲ. ಮೂರನೇ ಗೀಟು ಎಳೆದೆ. ಮಾರ್ಗರೆಟ್ಟಳ ಸೊಸೆ, ಆ ಪರದೆಯ ಕೋಣೆ ಯಾರಿಗಾಗಿ ಕಟ್ಟಿದ್ದೋ ಅವಳು, ಹೆತ್ತ ಒಂಬತ್ತನೇ ದಿನ ಹೋದಳು. ಅವತ್ತು ಅವಳ ಹುಟ್ಟುಹಬ್ಬ. ಜೇನ್, ಹನ್ನೆರಡು ದಿನ. ಅದೇ ರಾಜನ ಆರನೇ ಹೆಂಡತಿ, ರಾಜ ಸತ್ತ ಮೇಲೆ ಮತ್ತೆ ಮದುವೆಯಾಗಿ ಹೆತ್ತವಳು, ಆರು ದಿನ.

ಇವರಿಗೆ ಯಾವುದಕ್ಕೆ ಕೊರತೆ ಇತ್ತು? ಹಡಗುಗಳಿದ್ದವು, ಕೋಟೆಗಳಿದ್ದವು, ರಾಜವೈದ್ಯರು ಸಾಲುಗಟ್ಟಿ ನಿಂತಿದ್ದರು. ಒಂದು ದೇಶದ ಧರ್ಮವನ್ನೇ ಬದಲಿಸಿದ ರಾಜ ಜೇನಳ ಗಂಡ. ಅವನು ಬಯಸಿದ್ದು ಆಗದೆ ಹೋದದ್ದು ಕಡಿಮೆ. ಅಂಥವನು ಇಡೀ ಬೊಕ್ಕಸ ಸುರಿದಿದ್ದರೂ ಅಕ್ಕನ ಮಂಚದ ಪಕ್ಕ ಕಂಬಿಗೆ ತೂಗುತ್ತಿದ್ದ ಆ ಪುಟ್ಟ ಬಾಟಲಿ ಅವನಿಗೆ ಸಿಗುತ್ತಿರಲಿಲ್ಲ. ಅದು ಜಗತ್ತಿನಲ್ಲೇ ಇರಲಿಲ್ಲ. ನಮ್ಮ ತಾಲ್ಲೂಕಿನಲ್ಲಿ ಇವತ್ತು ಅದನ್ನು ಒಬ್ಬ ಆಟೋದವರು ತಲುಪಿಸುವಷ್ಟು ದೂರದಲ್ಲಿ ಇಟ್ಟಿದ್ದಾರೆ. ಇದನ್ನು ಏನೆನ್ನಬೇಕು? ಬೆರಗು ಎಂಬ ಪದ ನನಗೆ ಅವತ್ತು ಸಾಲಲಿಲ್ಲ. ಅರಮನೆಯ ಚಿತ್ರಗಳಲ್ಲಿ ಮುತ್ತು ಧರಿಸಿ ನೆಟ್ಟನೆ ನೋಡುವ ಆ ಹೆಂಗಸರು, ಪ್ರತಿ ಸಲ ಆ ಕತ್ತಲ ಕೋಣೆಯ ಬಾಗಿಲು ದಾಟುವಾಗ, ಹೊರಗೆ ಬರುತ್ತೇವೋ ಇಲ್ಲವೋ ಗೊತ್ತಿಲ್ಲದೆಯೇ ದಾಟುತ್ತಿದ್ದರು. ಅಪಾಯ ಗೊತ್ತಿದ್ದೂ ದಾಟುತ್ತಿದ್ದರು. ಅಜ್ಜಿಯ ಅಕ್ಕನ ಹಾಗೆ. ಯುದ್ಧಕ್ಕೆ ಹೋದ ರಾಜರಿಗೆ ಕುದುರೆಯ ಮೇಲೆ ಪ್ರತಿಮೆ ಇದೆ.

ಗುರುವಾರ ಬೆಳಿಗ್ಗೆ ಜ್ವರ ಇಳಿಯಿತು. ಅಕ್ಕ ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, “ನೀರು.” ಅಜ್ಜಿ ಲೋಟ ತುಂಬ ಕೊಟ್ಟಳು. ಅಕ್ಕ ಲೋಟ ನೋಡಿದಳು, ಅಜ್ಜಿಯ ಮುಖ ನೋಡಿದಳು.

“ಪೂರ್ತಿ ಲೋಟಾನಾ ಅಜ್ಜಿ? ನಾನು ಸಾಯ್ತೀನಾ ಏನು?”

“ಬಾಯಿ ಮುಚ್ಕೊಂಡು ಕುಡಿ.”

ಮುಂದಿನ ಮಂಗಳವಾರ ಮನೆಗೆ ಕರೆತಂದೆವು. ಬಾಣಂತಿ ಕೋಣೆಗೆ ಕಾಲಿಟ್ಟವಳು ಅಕ್ಕ ನಿಂತೇಬಿಟ್ಟಳು. ಮಂಚ ಕಿಟಕಿಯ ಪಕ್ಕಕ್ಕೆ ಬಂದಿತ್ತು. ಕಿಟಕಿ ತೆರೆದಿತ್ತು. “ಒಂದೇ ಕಿಟಕಿ” ಎಂದು ಅಜ್ಜಿ ಮೊದಲೇ ಎಚ್ಚರಿಸಿದಳು. “ಲಂಡನ್ ಅಜ್ಜಿ ಬುಟ್ಟಿದ್ದೂ ಒಂದೇಯ.” ಸ್ಕಾರ್ಫು, ಮೆಣಸಿನ ಸಾರು, ಬೆಳ್ಳುಳ್ಳಿ ಮೊದಲಿನ ಹಾಗೇ ಇವೆ. (ಕಾನೂನಿಗೆ ತಿದ್ದುಪಡಿಯಾಗಿದೆ, ರದ್ದಾಗಿಲ್ಲ.) ಹೊಸ ಥರ್ಮಾಮೀಟರು ಅಜ್ಜಿಯ ಎಲೆಅಡಿಕೆ ಚೀಲದಲ್ಲಿದೆ. ಓದಲು ಅವಳಿಗೆ ಬರುವುದಿಲ್ಲ. ಬೆಳಿಗ್ಗೆ ಸಂಜೆ ನನ್ನ ಕೈಗೆ ಕೊಟ್ಟು, “ಏಟೈತೆ ನೋಡು” ಅನ್ನುತ್ತಾಳೆ. ನಾನು ಡೈರಿಯಲ್ಲಿ ಬರೆದುಕೊಳ್ಳುತ್ತೇನೆ. ಭಾವ ಕೂಸನ್ನು ನೋಡಿ ಹೋದರು. ಪುರುಡು ತಡವಾಗಿ ಕಳೆಯಿತು, ಯಾವ ದೋಷವೂ ಬರಲಿಲ್ಲ.

ಅಕ್ಕನಿಗೆ ವಿಕ್ಟೋರಿಯಾಳ ಒಂದು ಗಂಟೆಯೂ ಸಿಕ್ಕಿದೆ. ಮಧ್ಯಾಹ್ನ ಊಟವಾದ ಮೇಲೆ ಅಜ್ಜಿ ಕೂಸನ್ನು ಎತ್ತಿಕೊಂಡು ಜಗುಲಿಗೆ ಬರುತ್ತಾಳೆ, ನಾನೂ ಬರಬೇಕು. ಅಕ್ಕ ಒಳಗೆ ಒಬ್ಬಳೇ ಬೆಟ್ಟ ನೋಡಿಕೊಂಡು ಮಲಗಿರುತ್ತಾಳೆ.

ಮೊನ್ನೆ ಹಾಗೆ ಜಗುಲಿಯಲ್ಲಿ ಕೂತಿದ್ದಾಗ ಹಿಂದಿನ ಬೀದಿಯ ಜಯಮ್ಮ ಬಂದರು. ಅವರ ಮಗಳಿಗೆ ಹೆರಿಗೆಯಾಗಿ ಐದು ದಿನ. ಬಾಣಂತಿಗೆ ಯಾಕೋ ಚಳಿ ಅಂತಾಳೆ, ಕೆಂಡ ಎಷ್ಟು ಹಾಕಲಿ ಎಂದು ಕೇಳಿಕೊಂಡು ಹೋಗಲು ಬಂದಿದ್ದರು.

ಅಜ್ಜಿ ಕೂಸನ್ನು ನನ್ನ ಕೈಗೆ ಕೊಟ್ಟು ಎದ್ದೇ ನಿಂತಳು. ಚೀಲದಿಂದ ಥರ್ಮಾಮೀಟರು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ಚಪ್ಪಲಿ ಮೆಟ್ಟುತ್ತಾ ಜಯಮ್ಮನಿಗೆ ಹೇಳತೊಡಗಿದಳು:

“ಲಂಡನ್ನಾಗೆ ಒಬ್ಳು ರಾಣಿ ಇದ್ಲು ಕಣಮ್ಮ ಜಯ, ಗಂಡ್ಮಗ ಹೆತ್ತಿದ್ಲು. ಅರಮನೆ ತುಂಬ ಜನ ಇದ್ರಂತೆ, ಕೆಂಡ ಆಚಿಗಿಟ್ಟು ಮೈ ಮುಟ್ಟಿ ನೋಡೋರು ಒಬ್ರೂ ಇರ್ಲಿಲ್ಲ.”